ಸಕ್ಕರೆ ಎಷ್ಟು, ಸಂಸಾರ ಎಷ್ಟು: ಯುದ್ಧಕಾಲದ ಬ್ರಿಟನ್ ಬಗ್ಗೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಬ್ರಿಟನ್ ಕುರಿತು ಬಂದ ಲೇಖನ ಓದಿ ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು ಹೀಗೆ ಬರೆದಿದ್ದಾರೆ:

“ವಿಮಾನ ಎಷ್ಟು, ಬಾಂಬು ಎಷ್ಟು ಅಂತ ಪುಟಗಟ್ಟಲೆ ಲೆಕ್ಕ ಕೊಟ್ಟಿದ್ದೀರಿ. ಒಂದು ಮನೆಗೆ ವಾರಕ್ಕೆ ಎಷ್ಟು ಸಕ್ಕರೆ ಬರುತ್ತಿತ್ತು ಅಂತ ಒಂದು ಸಾಲೂ ಇಲ್ಲ. ಯುದ್ಧದಿಂದ ಹೆಂಗಸರಿಗೆ ಸ್ವಾತಂತ್ರ್ಯ ಸಿಕ್ಕಿತು ಅಂತ ಒಂದು ಪುಟದಲ್ಲಿ ಬರೆದು, ಯುದ್ಧದಿಂದ ಸಂಸಾರಗಳು ಒಡೆದವು ಅಂತ ಮುಂದಿನ ಪುಟದಲ್ಲಿ ಬರೆದಿದ್ದೀರಿ. ಯಾವುದು ನಿಜ? ಕೊನೆಗೊಂದು ಮಾತು. ಸಕ್ಕರೆಗೆ ಪಡಿತರ ಇದ್ದ ಕಾಲದ್ದು ಅಂತ ಹಾಕಿದ ಮದುವೆ ಫೋಟೊದಲ್ಲಿ ಮೂರಂತಸ್ತಿನ ಕೇಕು ಇದೆಯಲ್ಲ, ಅದು ಹೇಗೆ?”

ಮಾನ್ಯರೆ,

ಸಕ್ಕರೆಯಿಂದಲೇ ಶುರು ಮಾಡೋಣ. ವಾರಕ್ಕೆ ತಲೆಗೆ 8 ಔನ್ಸ್, ಅಂದರೆ 227 ಗ್ರಾಂ. 1940ರ ಜನವರಿ 8ರಂದು ಪಡಿತರ ಜಾರಿಗೆ ಬಂದಾಗ 12 ಔನ್ಸ್ ಇತ್ತು. ಕೆಲವೇ ತಿಂಗಳಲ್ಲಿ ಎಂಟಕ್ಕೆ ಇಳಿಯಿತು. ಮೊದಲ ದಿನ ಪಡಿತರಕ್ಕೆ ಬಂದದ್ದು ಸಕ್ಕರೆ, ಬೆಣ್ಣೆ, ಬೇಕನ್ ಮೂರೇ. ಮಾರ್ಚಿನಲ್ಲಿ ಮಾಂಸ, ಜುಲೈಯಲ್ಲಿ ಚಹಾ, ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರಿನ್, ಅಡುಗೆ ಕೊಬ್ಬು ಸೇರಿದವು. 1941ರಲ್ಲಿ ಜಾಮು, ಚೀಸು, ಬಟ್ಟೆ. 1942ರಲ್ಲಿ ಸಾಬೂನು, ಮಿಠಾಯಿ.

ನೀವು ಕೇಳಿದ ‘ಒಂದು ಮನೆ’ಯ ಲೆಕ್ಕ ಹಾಕಿ ನೋಡೋಣ. ಕಾಲ 1943. ಗಂಡ ಸೈನ್ಯದಲ್ಲಿದ್ದಾನೆ, ಮನೆಯಲ್ಲಿ ತಾಯಿ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ವಾರಕ್ಕೆ ಮೂವರಿಗೂ ಸೇರಿ ಸಕ್ಕರೆ 680 ಗ್ರಾಂ. ಬೆಣ್ಣೆ ತಲೆಗೆ 2 ಔನ್ಸಿನಂತೆ 170 ಗ್ರಾಂ, ಮಾರ್ಗರಿನ್ ಅದರ ಎರಡರಷ್ಟು. ಚಹಾಪುಡಿ 2 ಔನ್ಸಿನಂತೆ ಇಬ್ಬರಿಗೆ ಮಾತ್ರ, 113 ಗ್ರಾಂ. ಐದರೊಳಗಿನ ಮಗುವಿಗೆ ಚಹಾ ಇಲ್ಲ. ಮೊಟ್ಟೆ ದೊಡ್ಡವರಿಗೆ ವಾರಕ್ಕೊಂದು, ಅದೂ ಅಂಗಡಿಗೆ ಬಂದಿದ್ದರೆ. ಬಾರದ ಮೊಟ್ಟೆಯ ಬದಲು 1942ರಿಂದ ಮೊಟ್ಟೆಪುಡಿಯ ಡಬ್ಬಿ, ನಾಲ್ಕು ವಾರಕ್ಕೊಂದು. ಒಂದು ಡಬ್ಬಿ ಹನ್ನೆರಡು ಮೊಟ್ಟೆಗೆ ಸಮ ಎಂದು ಲೆಕ್ಕ. ಮಾಂಸವನ್ನು ಮಾತ್ರ ತೂಕದಿಂದ ಅಳೆಯದೆ ದುಡ್ಡಿನಿಂದ ಅಳೆಯುತ್ತಿದ್ದರು: ದೊಡ್ಡವರಿಗೆ ವಾರಕ್ಕೆ 1 ಶಿಲ್ಲಿಂಗ್ 2 ಪೆನ್ಸಿನ ಮಾಂಸ (ಆಗ 12 ಪೆನ್ಸಿಗೆ 1 ಶಿಲ್ಲಿಂಗ್). ಒಳ್ಳೆಯ ತುಂಡು ಕೊಂಡರೆ ಒಂದು ಹೊತ್ತಿಗೆ ಮುಗಿಯುತ್ತದೆ, ಅಗ್ಗದ ತುಂಡು ಕೊಂಡರೆ ಎರಡು ದಿನ ಬೇಯಿಸಬಹುದು. ಆ ತೀರ್ಮಾನ ಅಡುಗೆ ಮಾಡುವವಳಿಗೇ ಬಿಟ್ಟದ್ದು.

ಬ್ರೆಡ್ಡು, ಆಲೂಗಡ್ಡೆಗಳಿಗೆ ಯುದ್ಧ ಮುಗಿಯುವ ತನಕ ಪಡಿತರ ಬರಲಿಲ್ಲ. ಹೊಟ್ಟೆ ತುಂಬಿಸುವ ಪದಾರ್ಥಕ್ಕೆ ಕೈ ಹಾಕಬಾರದು ಎಂಬುದು ನೀತಿ. ಬ್ರೆಡ್ಡಿಗೆ ಪಡಿತರ ಬಂದದ್ದು ಗೆದ್ದ ಮೇಲೆ, 1946ರ ಜುಲೈಯಿಂದ 1948ರ ಜುಲೈವರೆಗೆ. ಮಾಂಸದ ಪಡಿತರ ಮುಗಿದಾಗ 1954ರ ಜುಲೈ 4 ಆಗಿತ್ತು. ಯುದ್ಧ ಆರು ವರ್ಷ, ಪಡಿತರ ಹದಿನಾಲ್ಕೂವರೆ ವರ್ಷ.

ಈಗ ಸಂಸಾರದ ವಿಷಯ. ನಮ್ಮಲ್ಲಿ ರೇಷನ್ ಕಾರ್ಡು ಮನೆಗೊಂದು. ಅಲ್ಲಿ ಪುಸ್ತಕ ತಲೆಗೊಂದು, ಕೈಗೂಸಿಗೂ ಒಂದು. ದೊಡ್ಡವರದ್ದು ಮಾಸಲು ಹಳದಿ, ಐದರಿಂದ ಹದಿನಾರರವರಿಗೆ ನೀಲಿ, ಬಸುರಿ ಬಾಣಂತಿಯರಿಗೂ ಐದರೊಳಗಿನ ಮಕ್ಕಳಿಗೂ ಹಸಿರು. ಹಸಿರು ಪುಸ್ತಕ ಕೈಯಲ್ಲಿದ್ದವರಿಗೆ ದಿನಕ್ಕೊಂದು ಪೈಂಟ್ ಹಾಲು (568 ಮಿ.ಲೀ.) 2 ಪೆನ್ಸಿಗೆ, ಬಡವರಿಗೆ ಪುಕ್ಕಟೆ. ಜೊತೆಗೆ ಮಕ್ಕಳಿಗೆ ಕಿತ್ತಳೆ ರಸ, ಕಾಡ್ ಮೀನಿನೆಣ್ಣೆ. ಗಂಡ ಸೈನ್ಯ ಸೇರಿದರೆ ಅವನ ಪುಸ್ತಕ ಮರಳಿಸಬೇಕು. ರಜೆಗೆ ಬಂದರೆ ಅಷ್ಟು ದಿನಕ್ಕೆ ಬೇರೆ ಚೀಟಿ. ಮಗುವನ್ನು ಹಳ್ಳಿಗೆ ಕಳಿಸಿದರೆ ಅದರ ಪುಸ್ತಕವೂ ಅದರ ಜೊತೆ ಹೋಗಬೇಕು. ಹೀಗಾಗಿ ಯಾವ ಮನೆಯಲ್ಲಿ ಇವತ್ತು ಎಷ್ಟು ಬಾಯಿ ಎಂಬುದು ಆಹಾರ ಕಚೇರಿಗೆ ಗೊತ್ತಿತ್ತು. ಐದು ಪುಸ್ತಕ ಕೂಡಿದ ಮನೆಯಲ್ಲಿ ಸಕ್ಕರೆ ತಿನ್ನದ ಅಜ್ಜಿಯ ಪಾಲನ್ನು ಮೊಮ್ಮಕ್ಕಳಿಗೆ ಹಂಚಬಹುದು. ಒಂಟಿ ಬಾಳುವವರ ಪಾಡೇ ಎಲ್ಲಕ್ಕಿಂತ ಬಿಗಿ: ವಾರಕ್ಕೆ 57 ಗ್ರಾಂ ಬೆಣ್ಣೆಯಲ್ಲಿ ಹಂಚುವುದೇನು, ಉಳಿಸುವುದೇನು?

ಪುಸ್ತಕವಿದ್ದರೆ ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು ಎಂದಲ್ಲ. ಒಬ್ಬ ಕಿರಾಣಿಯವನ ಹತ್ತಿರ, ಒಬ್ಬ ಕಟುಕನ ಹತ್ತಿರ ಹೆಸರು ನೋಂದಾಯಿಸಬೇಕು. ನೋಂದಾಯಿಸಿದ ತಲೆಗಳ ಲೆಕ್ಕಕ್ಕೆ ಸರಿಯಾಗಿ ಅಂಗಡಿಗೆ ಸರಕು. ಮೊದಮೊದಲು ಅಂಗಡಿಯವನು ಕತ್ತರಿಯಿಂದ ಕೂಪನ್ ಕತ್ತರಿಸಿ ಕಚೇರಿಗೆ ಕಳಿಸುತ್ತಿದ್ದ. ಬೆರಳುಗುರಿನಷ್ಟು ಚೂರುಗಳು, ಎಣಿಸುವವರಿಗೆ ಸಾಕಾಗಿಹೋಗಿ, ಆಮೇಲೆ ಕತ್ತರಿಸದೆ ಪುಸ್ತಕದಲ್ಲೇ ರದ್ದು ಮಾಡುವ ಪದ್ಧತಿ ತಂದರು. ಗಿರಾಕಿ ಬೇರೆ ಅಂಗಡಿಗೆ ಹೋಗುವಂತಿಲ್ಲವಾದ್ದರಿಂದ ಅಂಗಡಿಯವನು ಸಣ್ಣ ರಾಜನಾದ. ‘ಗಲ್ಲಾದ ಕೆಳಗಿನ ಸರಕು’ ಎಂಬ ಮಾತು ಹುಟ್ಟಿದ್ದು ಹೀಗೆ: ಪಡಿತರಕ್ಕೆ ಸೇರದ, ಆದರೆ ಅಪರೂಪವಾದ ಈರುಳ್ಳಿಯೋ ಕಿತ್ತಳೆಯೋ ಬಂದರೆ ತನಗೆ ಬೇಕಾದವರಿಗೆ ಎತ್ತಿಡುವುದು.

ಡಬ್ಬಿ ಪದಾರ್ಥಗಳಿಗೆ 1941ರ ಡಿಸೆಂಬರಿನಲ್ಲಿ ತಂದ ‘ಪಾಯಿಂಟ್’ ಪದ್ಧತಿ ನಮ್ಮ ಮಟ್ಟಿಗೆ ಇಡೀ ವ್ಯವಸ್ಥೆಯ ಅತಿ ಜಾಣ ಭಾಗ. ತಲೆಗೆ ನಾಲ್ಕು ವಾರಕ್ಕೆ 16 ಪಾಯಿಂಟ್, ಆಮೇಲೆ 20, 24ರವರೆಗೂ ಹೋಯಿತು. ಇದನ್ನು ಯಾವ ಅಂಗಡಿಯಲ್ಲಾದರೂ ಖರ್ಚು ಮಾಡಬಹುದು. ಸಾಲ್ಮನ್ ಡಬ್ಬಿ ಬೇಗ ಖಾಲಿಯಾಗುತ್ತಿದ್ದರೆ ಅದರ ಪಾಯಿಂಟ್ ಏರಿಸುತ್ತಿದ್ದರು, ಬೇಳೆ ಮಾರಾಟವಾಗದೆ ಕುಳಿತರೆ ಇಳಿಸುತ್ತಿದ್ದರು. ದುಡ್ಡಿನ ಜೊತೆಗೆ ಇನ್ನೊಂದು ನಾಣ್ಯ ಚಲಾವಣೆಗೆ ಬಂದ ಹಾಗೆ. ಈ ನಾಣ್ಯ ಮಾತ್ರ ಸಾಹುಕಾರನಿಗೂ ಕೂಲಿಯವನಿಗೂ ಒಂದೇ ಸಮ.

ನಮ್ಮ ಓದುಗರಲ್ಲಿ ಅನೇಕರಿಗೆ ಕುತೂಹಲ ಹುಟ್ಟಿಸುವ ಒಂದು ಅಂಶವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಸಸ್ಯಾಹಾರಿ ಎಂದು ನೋಂದಾಯಿಸಿಕೊಂಡವರು ಮಾಂಸ, ಬೇಕನ್ನಿನ ಕೂಪನ್ ಬಿಟ್ಟುಕೊಟ್ಟರೆ ಅದರ ಬದಲು ಹೆಚ್ಚುವರಿ ಚೀಸು ಸಿಗುತ್ತಿತ್ತು. ಸರ್ಕಾರ ಅಷ್ಟರಮಟ್ಟಿಗೆ ಅಡುಗೆಮನೆಯೊಳಗೆ ಕಣ್ಣಿಟ್ಟಿತ್ತು.

ಇದೆಲ್ಲವನ್ನೂ ಮೆಚ್ಚಿಕೊಳ್ಳುವಾಗ ಅದೇ ಸಾಮ್ರಾಜ್ಯದ ಇನ್ನೊಂದು ಮೂಲೆಯನ್ನು ಮರೆಯಲಾಗದು. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುವ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಲಂಡನ್ನಿನ ಮಗುವಿನ ಕಿತ್ತಳೆ ರಸಕ್ಕೆ ಹಡಗಿನಲ್ಲಿ ಜಾಗ ಸಿಕ್ಕಿತು. ಬೇಡಿದಷ್ಟು ಧಾನ್ಯ ತರಲು ಬಂಗಾಳಕ್ಕೆ ಸಿಗಲಿಲ್ಲ. ಮುಂಬಯಿ ನಗರದಲ್ಲಿ ಪಡಿತರ ಶುರುವಾದದ್ದೂ ಅದೇ 1943ರಲ್ಲಿ. ನಮ್ಮ ನ್ಯಾಯಬೆಲೆ ಅಂಗಡಿಯ ವಂಶಾವಳಿ ಹಿಡಿದು ಹೊರಟರೆ ಅಲ್ಲಿಗೇ ಮುಟ್ಟುತ್ತೀರಿ.

ಇನ್ನು ಹೆಂಗಸರ ಸ್ವಾತಂತ್ರ್ಯ. ಲೇಖನದಲ್ಲಿ ಆ ಮಾತನ್ನು ಹಾಗೆ ಬಿಟ್ಟದ್ದು ಸರಿಯಲ್ಲ, ಒಪ್ಪಿದೆವು. 1941ರ ಡಿಸೆಂಬರಿನ ಕಾನೂನು 20ರಿಂದ 30 ವರ್ಷದ ಅವಿವಾಹಿತ ಹೆಂಗಸರನ್ನು ಕಡ್ಡಾಯ ಸೇವೆಗೆ ಕರೆಯಿತು: ಸೈನ್ಯದ ಮಹಿಳಾ ದಳ, ನಾಗರಿಕ ರಕ್ಷಣೆ ಅಥವಾ ಕಾರ್ಖಾನೆ. ಉಳಿದವರೂ ವಯಸ್ಸಿನ ಪ್ರಕಾರ ಕೆಲಸಕ್ಕೆ ಹೆಸರು ಬರೆಸಬೇಕಿತ್ತು. 1943ರಲ್ಲಿ ಇದು ಐವತ್ತರ ಹತ್ತಿರದವರಿಗೂ ಬಂದಾಗ ಜನ ‘ಅಜ್ಜಿಯರ ಪಟ್ಟಿ’ ಎಂದು ಗೇಲಿ ಮಾಡಿದರು. 14ರೊಳಗಿನ ಮಗು ಜೊತೆಗಿದ್ದರೆ ವಿನಾಯಿತಿ. ಮಿಕ್ಕವರಲ್ಲಿ ಉದ್ಯೋಗ ಕಚೇರಿ ಎರಡು ಪಂಗಡ ಮಾಡಿತು: ಊರು ಬಿಡಿಸಿ ಕಳಿಸಬಹುದಾದವರು, ಕಳಿಸಲಾಗದವರು. ಸೈನಿಕನ ಹೆಂಡತಿ ಮಕ್ಕಳಿಲ್ಲದವಳಾದರೂ ಎರಡನೇ ಪಂಗಡ. ಗಂಡ ರಜೆಗೆ ಬಂದಾಗ ಮನೆ ಎಂದೊಂದು ಇರಬೇಕಲ್ಲ. ಮದುವೆಯಾಗದ, ಅಪ್ಪ ಅಮ್ಮನ ಜೊತೆಗಿದ್ದ ಮಗಳು ಮಾತ್ರ ನೂರು ಮೈಲಿ ದೂರದ ಮದ್ದುಗುಂಡಿನ ಕಾರ್ಖಾನೆಯ ಹಾಸ್ಟೆಲಿಗೆ ಹೊರಡಬೇಕು.

ಕೂಲಿಯ ಕಥೆ ಇನ್ನೂ ಸ್ವಾರಸ್ಯ. ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ 1940ರಲ್ಲಿ ಮಾಲೀಕರಿಗೂ ಕಾರ್ಮಿಕ ಸಂಘಗಳಿಗೂ ಒಂದು ಒಪ್ಪಂದವಾಯಿತು. ಗಂಡಸಿನ ಜಾಗಕ್ಕೆ ಬಂದ ಹೆಂಗಸಿಗೆ 32 ವಾರ ಕಳೆದ ಮೇಲೆ ಗಂಡಸಿನ ಪೂರ್ತಿ ಕೂಲಿ ಕೊಡಬೇಕು. ಆದರೆ ಆ ಕೆಲಸವನ್ನು ಅವಳು ‘ಹೆಚ್ಚುವರಿ ಮೇಲ್ವಿಚಾರಣೆಯಾಗಲಿ ಸಹಾಯವಾಗಲಿ ಇಲ್ಲದೆ’ ಮಾಡುತ್ತಿರಬೇಕು. ಬಾಗಿಲು ಇಟ್ಟು ಬೀಗ ಹಾಕಿದ್ದು ಇಲ್ಲೇ. ಯಂತ್ರ ಹೊಂದಿಸಿ ಕೊಡಲು ಒಬ್ಬ ಗಂಡಸನ್ನು ನಿಲ್ಲಿಸಿದರೆ ಸಾಕು, ಷರತ್ತು ಪೂರೈಸಲಿಲ್ಲ ಎನ್ನಬಹುದು. ಇಲ್ಲವೇ ಕೆಲಸವನ್ನೇ ಒಡೆದು ‘ಇದು ಹೆಂಗಸರ ಕೆಲಸ’ ಎಂದು ಹೊಸ ಹೆಸರಿಡಬಹುದು. 1938ರಲ್ಲಿ ಹೆಂಗಸಿನ ಸರಾಸರಿ ಗಳಿಕೆ ಗಂಡಸಿನ ಗಳಿಕೆಯ ಶೇ. 47ರಷ್ಟಿತ್ತು, 1945ರಲ್ಲಿ ಶೇ. 52. ಬಾಂಬು ಬಿದ್ದು ಕೈಕಾಲು ಕಳೆದುಕೊಂಡರೆ ಕೊಡುವ ಪರಿಹಾರದಲ್ಲೂ ಹೆಂಗಸಿಗೆ ವಾರಕ್ಕೆ 7 ಶಿಲ್ಲಿಂಗ್ ಕಡಿಮೆ. ಸಂಸತ್ತಿನ ಹೆಂಗಸರು ಪಕ್ಷಭೇದ ಬಿಟ್ಟು ಜಗಳವಾಡಿದ ಮೇಲೆ 1943ರಲ್ಲಿ ಅದು ಸಮವಾಯಿತು.

1944ರ ಮಾರ್ಚಿನಲ್ಲಿ ಥೆಲ್ಮಾ ಕ್ಯಾಜಲೆಟ್-ಕೀರ್ ಎಂಬ ಸದಸ್ಯೆ ಶಿಕ್ಷಕ ಶಿಕ್ಷಕಿಯರಿಗೆ ಸಮಾನ ವೇತನ ಕೊಡಬೇಕೆಂಬ ತಿದ್ದುಪಡಿ ತಂದರು. ನೀವು ಶಿಕ್ಷಕಿಯಾಗಿದ್ದವರು, ಇದನ್ನು ವಿಶೇಷವಾಗಿ ಗಮನಿಸಿ. 117ಕ್ಕೆ 116, ಒಂದೇ ಮತದಿಂದ ತಿದ್ದುಪಡಿ ಗೆದ್ದಿತು. ಯುದ್ಧದುದ್ದಕ್ಕೂ ಚರ್ಚಿಲ್ ಸರ್ಕಾರ ದೇಶದೊಳಗಿನ ವಿಷಯವೊಂದರಲ್ಲಿ ಹೀಗೆ ಸೋತದ್ದು ಅದೊಂದೇ ಸಲ. ಎರಡು ದಿನದಲ್ಲಿ ಚರ್ಚಿಲ್ ಅದನ್ನೇ ವಿಶ್ವಾಸಮತದ ಪ್ರಶ್ನೆಯಾಗಿಸಿ ತೆಗೆದುಹಾಕಿಸಿದರು. ಅದೇ ವರ್ಷದ ಶಿಕ್ಷಣ ಕಾಯಿದೆಯಲ್ಲಿ, ಮದುವೆಯಾದ ಶಿಕ್ಷಕಿ ಕೆಲಸ ಬಿಡಬೇಕೆಂಬ ಕಟ್ಟಳೆಯಾದರೂ ಹೋಯಿತು.

ತಾಯಂದಿರು ದುಡಿಯಲಿ ಎಂದು ಇಡೀ ದಿನದ ಶಿಶುವಿಹಾರಗಳನ್ನು ತೆರೆದರು. 1944ರಲ್ಲಿ ಸುಮಾರು 1,500 ಇದ್ದವು. ದಿನಕ್ಕೆ 1 ಶಿಲ್ಲಿಂಗ್, ಊಟ ಸೇರಿ. ಯುದ್ಧ ಮುಗಿಯುತ್ತಿದ್ದಂತೆ ಸರ್ಕಾರ ಅನುದಾನಕ್ಕೆ ಕತ್ತರಿ ಹಾಕಿತು, ವಿಹಾರಗಳು ಒಂದೊಂದಾಗಿ ಮುಚ್ಚಿದವು. ಆದರೆ ಹಸಿರು ಪುಸ್ತಕದ ಹಾಲು ಉಳಿಯಿತು. 1946ರ ಕಾನೂನಿನಿಂದ ಶಾಲೆಯ ಪ್ರತಿ ಮಗುವಿಗೂ ಮೂರನೇ ಒಂದು ಪೈಂಟ್ ಪುಕ್ಕಟೆ ಆಯಿತು. ಶಾಲೆಯ ಬಿಸಿಯೂಟವೂ ಉಳಿಯಿತು. ಯುದ್ಧದ ಕೊನೆಯ ಹೊತ್ತಿಗೆ ದಿನಕ್ಕೆ ಸುಮಾರು 16 ಲಕ್ಷ ಮಕ್ಕಳು ಉಣ್ಣುತ್ತಿದ್ದರು. ನಿಮ್ಮ ‘ಯಾವುದು ನಿಜ’ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಲ್ಲಿದೆ. ಲೆಕ್ಕದ ಪುಸ್ತಕದಲ್ಲಿ ಮಗುವಿನ ಹೆಸರಿಗೆ, ತಾಯಿ ಎಂಬ ಹೆಸರಿಗೆ ಬರೆದದ್ದು ನಿಂತಿತು. ದುಡಿಯುವ ಹೆಂಗಸಿನ ಹೆಸರಿಗೆ ಬರೆದದ್ದನ್ನು ಯುದ್ಧ ಮುಗಿದೊಡನೆ ಹೊಡೆದುಹಾಕಿದರು.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲು ಸಾಯುತ್ತಿದ್ದವು 1941ರಲ್ಲಿ 60, 1945ರಲ್ಲಿ 46. ಬಾಂಬು, ಚಳಿ, ಮುರುಕು ಮನೆಗಳ ನಡುವೆ ಈ ಇಳಿಕೆ.

ಮಕ್ಕಳನ್ನು ಊರು ಬಿಡಿಸಿದ ಪ್ರಸಂಗಕ್ಕೆ ಲೇಖನದಲ್ಲಿ ಎರಡೇ ಸಾಲು ಸಿಕ್ಕಿತ್ತು. 1939ರ ಸೆಪ್ಟೆಂಬರ್ 1ರಿಂದ ಮೂರು ದಿನಗಳಲ್ಲಿ ಸುಮಾರು 15 ಲಕ್ಷ ಜನ ರೈಲು, ಬಸ್ಸುಗಳಲ್ಲಿ ನಗರ ಬಿಟ್ಟರು. ಅರ್ಧಕ್ಕಿಂತ ಹೆಚ್ಚು ಜನ ತಂದೆ ತಾಯಿ ಜೊತೆಗಿಲ್ಲದ ಶಾಲಾ ಮಕ್ಕಳು. ಕೋಟಿನ ಗುಂಡಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದ ಮುಖವಾಡದ ರಟ್ಟಿನ ಪೆಟ್ಟಿಗೆ, ಚೀಲದಲ್ಲಿ ಒಂದು ಜೊತೆ ಒಳಬಟ್ಟೆ, ಟವೆಲ್ಲು, ಬಾಚಣಿಗೆ, ಆ ದಿನದ ಬುತ್ತಿ. ಹಳ್ಳಿಯ ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸಿದರೆ ಊರವರು ಬಂದು ಸಂತೆಯಲ್ಲಿ ಕರು ಆರಿಸಿದ ಹಾಗೆ ಆರಿಸುತ್ತಿದ್ದರು. ಗಟ್ಟಿಮುಟ್ಟಾದ ಹುಡುಗ ರೈತನ ಪಾಲು, ಲಕ್ಷಣವಾದ ಹುಡುಗಿ ಬೇಗ ಖರ್ಚು. ಕೈ ಕೈ ಹಿಡಿದು ನಿಂತ ಅಕ್ಕ ತಮ್ಮಂದಿರು ಕೊನೆಗೆ ಉಳಿಯುತ್ತಿದ್ದರು.

ಆಮೇಲೆ ಶುರುವಾಯಿತು ದೂರು: ತಲೆಯಲ್ಲಿ ಹೇನು, ಮೈಯಲ್ಲಿ ಕಜ್ಜಿ, ರಾತ್ರಿ ಹಾಸಿಗೆ ಒದ್ದೆ. ಹಾಸಿಗೆ ಒದ್ದೆಯಾಗುವುದನ್ನು ಊರವರು ಕೊಳೆಗೇರಿಯ ಕೆಟ್ಟ ರೂಢಿ ಎಂದುಕೊಂಡರು. ನಿಜಕ್ಕೂ ಅದು ತಾಯಿಯನ್ನು ಬಿಟ್ಟುಬಂದ ಮಗುವಿನ ದಿಗಿಲು. 1941ರಿಂದ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುವಿಹಾರ ನಡೆಸಿದ ಆನಾ ಫ್ರಾಯ್ಡ್, ಡೊರೊತಿ ಬರ್ಲಿಂಗ್‌ಹ್ಯಾಮ್ ಕಂಡುಕೊಂಡದ್ದೂ ಇದೇ: ತಾಯಿಯ ಮಗ್ಗುಲಲ್ಲಿ ಬಾಂಬಿನ ಸದ್ದು ಕೇಳಿದ ಮಗುವಿಗಿಂತ, ಸದ್ದಿಲ್ಲದ ಊರಿಗೆ ಒಂಟಿಯಾಗಿ ಹೋದ ಮಗು ಹೆಚ್ಚು ಕದಡಿರುತ್ತಿತ್ತು. ಮೊದಲ ತಿಂಗಳುಗಳಲ್ಲಿ ನಗರಗಳ ಮೇಲೆ ಬಾಂಬು ಬೀಳಲೇ ಇಲ್ಲ. 1940ರ ಜನವರಿ ಹೊತ್ತಿಗೆ ಸುಮಾರು ಅರ್ಧ ಜನ ವಾಪಸಾಗಿದ್ದರು. ಬಾಂಬು ಬಿದ್ದಾಗ ಮತ್ತೆ ಕಳಿಸಬೇಕಾಯಿತು.

ಮಗುವನ್ನು ಇಟ್ಟುಕೊಂಡ ಮನೆಗೆ ಸರ್ಕಾರ ವಾರಕ್ಕೆ 10 ಶಿಲ್ಲಿಂಗ್ 6 ಪೆನ್ಸ್ ಕೊಡುತ್ತಿತ್ತು. ಒಂದಕ್ಕಿಂತ ಹೆಚ್ಚಿದ್ದರೆ ತಲಾ 8 ಶಿಲ್ಲಿಂಗ್ 6 ಪೆನ್ಸ್. ಅದೇ 1939ರಲ್ಲಿ ಸೈನಿಕನ ಹೆಂಡತಿಗೆ ಅವಳ ಮೊದಲ ಮಗುವಿನ ಬಾಬ್ತು ಸಿಗುತ್ತಿದ್ದದ್ದು 5 ಶಿಲ್ಲಿಂಗ್. ಒಂದೇ ಮಗು, ಪರರ ಮನೆಯಲ್ಲಿದ್ದರೆ ಖರ್ಚು ಹತ್ತೂವರೆ, ಹೆತ್ತವಳ ಹತ್ತಿರವಿದ್ದರೆ ಐದು! ಮಗುವಿನ ಖರ್ಚು ತಾಯಿಯ ಕೈಗೇ ಬರಬೇಕೆಂದು ಇಪ್ಪತ್ತು ವರ್ಷದಿಂದ ವಾದಿಸುತ್ತಿದ್ದ ಸಂಸತ್ ಸದಸ್ಯೆ ಎಲಿನರ್ ರಾತ್‌ಬೋನ್ ಅವರಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ. 1945ರಲ್ಲಿ ಕುಟುಂಬ ಭತ್ಯೆಯ ಮಸೂದೆ ಬಂದಾಗ ಹಣ ತಂದೆಗೆ ಸಲ್ಲಬೇಕು ಎಂದಿತ್ತು. ಹಾಗಾದರೆ ತಾನು ವಿರುದ್ಧ ಮತ ಹಾಕುತ್ತೇನೆಂದು ರಾತ್‌ಬೋನ್ ಪಟ್ಟು ಹಿಡಿದರು. ‘ತಾಯಿಗೆ’ ಎಂದು ತಿದ್ದಿದರು. ಎರಡನೇ ಮಗುವಿನಿಂದ ಮೇಲೆ ತಲಾ ವಾರಕ್ಕೆ 5 ಶಿಲ್ಲಿಂಗ್. 1946ರ ಆಗಸ್ಟ್ 6ರ ಮಂಗಳವಾರ ಅಂಚೆ ಕಚೇರಿಗಳಲ್ಲಿ ಮೊದಲ ಕಂತು ಕೊಟ್ಟರು. ರಾತ್‌ಬೋನ್ ಅದೇ ಜನವರಿಯಲ್ಲಿ ತೀರಿಕೊಂಡಿದ್ದರು.

ಸಂಸಾರ ಒಡೆದ ಲೆಕ್ಕಕ್ಕೆ ಬರೋಣ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1938ರಲ್ಲಿ ಆರು ಸಾವಿರದ ಚಿಲ್ಲರೆ ವಿಚ್ಛೇದನ. 1947ರಲ್ಲಿ 60,000 ದಾಟಿತು. ಹತ್ತು ಪಟ್ಟು ಎಂದು ಬೆಚ್ಚುವ ಮೊದಲು ಮೂರು ವಿಷಯ ತಿಳಿದಿರಬೇಕು. 1937ರ ಕಾನೂನು 1938ರಲ್ಲಷ್ಟೇ ಜಾರಿಗೆ ಬಂದು, ಅಲ್ಲಿಯವರೆಗೆ ವ್ಯಭಿಚಾರವೊಂದೇ ಮುಖ್ಯ ಕಾರಣವಾಗಿದ್ದ ಕಡೆ ಕ್ರೌರ್ಯ, ಮೂರು ವರ್ಷದ ಪರಿತ್ಯಾಗಗಳನ್ನೂ ಒಪ್ಪಿತು. ಸೈನಿಕರಿಗೆ ಕೋರ್ಟಿನ ಖರ್ಚಿಗೆ ನೆರವು ಸಿಕ್ಕಿತು. ಬಡವನಿಗೆ ಎಟುಕದ ವಿಚ್ಛೇದನ ಎಟುಕಿತು. ಮತ್ತೆ, 1939-40ರಲ್ಲಿ ಗಂಡು ಹೊರಡುವ ಮೊದಲು ಎಂದು ಅವಸರದಲ್ಲಿ ಆದ ಮದುವೆಗಳ ದಾಖಲೆಯೇ ದೊಡ್ಡದು. ಹೆಚ್ಚು ಮದುವೆಯಾದಲ್ಲಿ ಹೆಚ್ಚು ಮುರಿಯುತ್ತವೆ.

ಮದುವೆಯಾಚೆ ಹುಟ್ಟಿದ ಮಕ್ಕಳ ಪ್ರಮಾಣ 1939ರಲ್ಲಿ ಶೇ. 4ರ ಆಸುಪಾಸು, 1945ರಲ್ಲಿ ಶೇ. 9 ದಾಟಿತು. ಪಾದ್ರಿಗಳು ನೀತಿಗೆಟ್ಟಿತು ಎಂದರು. ಜನನ ಮರಣ ದಾಖಲೆಯ ಮುಖ್ಯಾಧಿಕಾರಿಯ ಅಂಕಿಗಳು ಬೇರೆಯೇ ಕಥೆ ಹೇಳುತ್ತವೆ. ಯುದ್ಧಕ್ಕೆ ಮುಂಚೆಯೂ ಚೊಚ್ಚಲ ಬಸುರಿಯರಲ್ಲಿ ಸುಮಾರು ಮೂರರಲ್ಲೊಬ್ಬಳು ತಾಳಿಗೆ ಮೊದಲೇ (ಅಲ್ಲಿ ಉಂಗುರ ಎನ್ನಿ) ಬಸುರಾಗಿರುತ್ತಿದ್ದಳು. ಅಂಥವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಹೆರಿಗೆಯೊಳಗೆ ಮದುವೆ ಮಾಡಿಕೊಂಡು ಮುಗಿಸುತ್ತಿದ್ದರು. 1945ರಲ್ಲಿ ಹಾಗೆ ಮುಗಿಸಲಾದವರು ನಲವತ್ತಕ್ಕಿಂತ ಕಡಿಮೆ. ನಡತೆ ಬದಲಾದದ್ದಕ್ಕಿಂತ ಮದುಮಗನೇ ಊರಲ್ಲಿಲ್ಲದೆ ಹೋದದ್ದು ಹೆಚ್ಚು. ಅವನು ಬರ್ಮಾದಲ್ಲೋ ಇಟಲಿಯಲ್ಲೋ ಇದ್ದ, ಇಲ್ಲವೇ ಸತ್ತಿದ್ದ.

ಸಂಸಾರ ಮಲಗಲು ಜಾಗ ಎಲ್ಲಿತ್ತು ಎಂಬುದನ್ನೂ ನೋಡಬೇಕು. ಬಾಂಬು ದಾಳಿಯಿಂದ ಕಾಯಲು 1941ರ ಮಾರ್ಚಿನಿಂದ ಹಂಚಿದ ಮಾರಿಸನ್ ಆಸರೆ ಎಂದರೆ ಒಂದು ಕಬ್ಬಿಣದ ಮೇಜು: ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ, ಎರಡೂವರೆ ಅಡಿ ಎತ್ತರ. ಮೇಲೆ ಉಕ್ಕಿನ ಹಲಗೆ, ಸುತ್ತ ತಂತಿಬಲೆ, ಕೆಳಗೆ ಪಟ್ಟಿಗಳ ಮೇಲೆ ಹಾಸಿಗೆ. ಬಿಡಿಭಾಗಗಳಾಗಿ ಬರುತ್ತಿತ್ತು, ಜೊತೆಗೆ ಕೊಟ್ಟ ಸ್ಪ್ಯಾನರಿನಿಂದ ಮನೆಯವರೇ ಜೋಡಿಸಬೇಕು. ಬೋಲ್ಟು ಅರ್ಧಂಬರ್ಧ ಬಿಗಿದರೆ ಮೇಲಿನ ಮಹಡಿ ಕುಸಿದಾಗ ಚೌಕಟ್ಟು ಓರೆಯಾಗುತ್ತದೆ. ಹಗಲು ಅದರ ಮೇಲೆ ಊಟ, ರಾತ್ರಿ ಅದರ ಕೆಳಗೆ ತಾಯಿ, ಎರಡು ಮಕ್ಕಳು ಬಲೆಯೊಳಗೆ ಕೋಳಿಯ ಹಾಗೆ ಮಲಗುವುದು. ಇಂಥವು ಸುಮಾರು ಐದು ಲಕ್ಷ ಹಂಚಿದರು. ಹಿತ್ತಿಲಲ್ಲಿ ಹೂಳುವ ಹಳೆಯ ತಗಡಿನ ಆಸರೆಗಿಂತ ಜನ ಇದನ್ನು ಇಷ್ಟಪಟ್ಟದ್ದಕ್ಕೆ ಕಾರಣ ಸರಳ. ಹಿತ್ತಿಲಿನದರಲ್ಲಿ ನೀರು ನಿಲ್ಲುತ್ತಿತ್ತು.

ಗಂಡಸರ ಬಿಡುಗಡೆ 1945ರ ಜೂನ್ 18ರಿಂದ. ವಯಸ್ಸು, ಸೇವೆಯ ಅವಧಿ ಎರಡನ್ನೂ ಕೂಡಿಸಿ ಸರದಿ ಹಾಕಿದ್ದರಿಂದ ಕೆಲವರು ಮನೆ ಸೇರಲು ಇನ್ನೂ ವರ್ಷ ಹಿಡಿಯಿತು. ಅಷ್ಟರಲ್ಲಿ ಮನೆಯ ಹಣ, ಪಾಯಿಂಟು, ಅಂಗಡಿಯವನ ಮರ್ಜಿ ಎಲ್ಲವನ್ನೂ ಹೆಂಡತಿ ಅರೆದು ಕುಡಿದಿದ್ದಳು. ಬಂದವನಿಗೆ ವಾರಕ್ಕೆ ಎಷ್ಟು ಬೆಣ್ಣೆ ಎಂಬುದೂ ಗೊತ್ತಿಲ್ಲ. ಒಂದೇ ದಿನ ಇಡೀ ವಾರದ್ದನ್ನು ಸವರಿಕೊಂಡರೆ ಜಗಳ ಅಲ್ಲೇ ಶುರು. ಮಗುವಿಗೆ ಅಪ್ಪ ಎಂದರೆ ಗೂಡಿನ ಮೇಲಿನ ಫೋಟೊ, ತಾಯಿಯ ಮಗ್ಗುಲಿನ ಜಾಗ ತನ್ನದು. ಬೇರೆ ಮನೆ ಮಾಡೋಣವೆಂದರೆ ಮನೆಗಳೇ ಇಲ್ಲ. ಸರ್ಕಾರ ಕಾರ್ಖಾನೆಯಲ್ಲಿ ತಯಾರಿಸಿ ಜೋಡಿಸಿದ ಪುಟ್ಟ ಮನೆಗಳು ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ. ಹತ್ತು ವರ್ಷ ಬಾಳಿದರೆ ಸಾಕೆಂದು ಕಟ್ಟಿದವು, ಎಷ್ಟೋ ಕಡೆ ದಶಕಗಳ ಕಾಲ ನಿಂತವು. ಅವುಗಳಲ್ಲಿ ಫ್ರಿಜ್ಜು ಇತ್ತು; ಆ ಕಾಲದ ಸಾಧಾರಣ ಬ್ರಿಟಿಷ್ ಮನೆಯಲ್ಲಿ ಇರದ ವಸ್ತು.

ಕೊನೆಗೆ ಕೇಕು. 1940ರ ಆಗಸ್ಟಿನಿಂದ ಕೇಕಿನ ಮೇಲೆ ಸಕ್ಕರೆಯ ಲೇಪ ಹಾಕಿ ಮಾರುವುದು ನಿಷಿದ್ಧ. ಹಾಗಾಗಿ ಬೇಕರಿಯವರು ಬಾಡಿಗೆಗೆ ಕೊಡುತ್ತಿದ್ದದ್ದು ರಟ್ಟಿನ ಮುಸುಕು: ಎರಡೋ ಮೂರೋ ಅಂತಸ್ತು, ಮೇಲೆ ಬಿಳಿ ಲೇಪ, ಹೂಬಳ್ಳಿ. ಫೋಟೊ ತೆಗೆಸಿ ಮುಸುಕು ಎತ್ತಿದರೆ ಒಳಗೆ ತಟ್ಟೆಯಗಲದ ಒಂದು ಕೇಕು. ಬಂಧು ಬಳಗದವರು ತಮ್ಮ ಪಾಲಿನ ಸಕ್ಕರೆ, ಒಣದ್ರಾಕ್ಷಿ ಒಟ್ಟುಹಾಕಿ ಕೊಟ್ಟದ್ದು, ಮೊಟ್ಟೆಪುಡಿ ಕಲಸಿದ್ದು. ಮುಸುಕನ್ನು ಮರುದಿನ ವಾಪಸು ಕೊಡಬೇಕು, ಮುಂದಿನ ಮದುವೆ ಕಾದಿರುತ್ತದೆ. ನಾವು ಹಾಕಿದ ಫೋಟೊದಲ್ಲಿ ಮದುಮಗಳು ಚಾಕುವನ್ನು ಕೇಕಿಗೆ ತಾಗಿಸದೆ ಪಕ್ಕದಲ್ಲಿ ಹಿಡಿದಿರುವುದನ್ನು ನೋಡಿ. ಅಡಿಬರಹದಲ್ಲಿ ‘ಮೂರಂತಸ್ತಿನ ಕೇಕು’ ಎಂದು ಇರುವಲ್ಲಿ ‘ಮೂರಂತಸ್ತಿನ ರಟ್ಟು’ ಎಂದು ಓದುಗರು ತಿದ್ದಿಕೊಳ್ಳಬೇಕಾಗಿ ವಿನಂತಿ.

— ಸಂಪಾದಕ